ಹುಣಸೆಹಣ್ಣು ಕಂಡ ಕಿರೀಟ

ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿ ಒಬ್ಬ ಮೇಜರ್, ಇಬ್ಬರು ಕ್ಯಾಪ್ಟನ್, ಒಂಟಿ ಸ್ಟಾರಿನ ಒಬ್ಬ ಸೆಕೆಂಡ್ ಲೆಫ್ಟಿನೆಂಟ್ ಇದ್ದಾರೆ. ಅಂದ್ರೆ ಅವರ ಹೆಗಲ ಮೇಲಿದ್ದ ಬಿಲ್ಲೆಗಳು. ನಮ್ಮ ಮನೆಯಲ್ಲಿ ಯಾರೂ ಸೈನ್ಯಕ್ಕೆ ಹೋದವರಲ್ಲ. ನಾನು ಎನ್‌ಸಿಸಿಗೆ ಸೇರಿದ್ದೂ ಪರೇಡ್ ಮುಗಿದ ಮೇಲೆ ಕೊಡುವ ತಿಂಡಿ ಆಸೆಗೆ. ಆದರೂ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಸಂಡೆ ಬಜಾರಿನಲ್ಲಿ, ತುಕ್ಕು ಹಿಡಿದ ಸ್ಪ್ಯಾನರ್, ಕೈ ಮುರಿದ ಗೊಂಬೆಗಳ ನಡುವೆ ಎಲ್ಲಾದರೂ ಹಿತ್ತಾಳೆ ಮಿನುಗಿತೋ, ಕಾಲು ಅಲ್ಲೇ ನಿಂತುಬಿಡುತ್ತದೆ.

ನನ್ನ ಮೇಜರ್ ಬ್ರಿಟಿಷರ ಕಾಲದವನು. ಅವನ ಗುರುತು ಒಂದು ಕಿರೀಟ, ಅಷ್ಟೇ. 1950ರ ಜನವರಿ 26ಕ್ಕೆ ನಾವು ಗಣರಾಜ್ಯ ಆದೆವು, ಕಿರೀಟ ಇಳಿದು ಅದೇ ಜಾಗಕ್ಕೆ ಅಶೋಕನ ಸಿಂಹ ಬಂತು. ಲೆಕ್ಕ ಮಾತ್ರ ಹಳೆಯದೇ. ಕಿರೀಟದ ಜೊತೆ ಒಂದು ಸ್ಟಾರ್ ಇದ್ದರೆ ಲೆಫ್ಟಿನೆಂಟ್ ಕರ್ನಲ್, ಈಗ ಸಿಂಹದ ಜೊತೆ ಒಂದು ಸ್ಟಾರ್. ಹಳೇ ಸ್ಟಾರನ್ನು ಭೂತಗನ್ನಡಿ ಹಿಡಿದು ನೋಡಬೇಕು. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಮೂರು ಪುಟ್ಟ ಕಿರೀಟ, ಸುತ್ತಲೂ ಲ್ಯಾಟಿನ್ ಅಕ್ಷರ! ಈಗಿನದು ಐದು ಮೂಲೆಯ ನಕ್ಷತ್ರ, ಮಕ್ಕಳೂ ಬಿಡಿಸಬಹುದು.

ಮೋಸವೂ ಜಾಸ್ತಿ. ಎರಡನೇ ಮಹಾಯುದ್ಧದ್ದು ಸಾರ್ ಅಂತ ಆಣೆ ಹಾಕಿ ಕೊಡುತ್ತಾರೆ. ಸುಮ್ನೆ ಕಿರೀಟದ ಕಮಾನು ನೋಡಿ. ಉಬ್ಬಿದ್ದರೆ ರಾಜನ ಕಾಲದ್ದು. ನಡುವೆ ತಗ್ಗಿದ್ದರೆ 1953ರಿಂದೀಚೆಗೆ ಎಲಿಜಬೆತ್ ರಾಣಿಗೆ ಬಂದ ಕಿರೀಟ, ಯುದ್ಧ ಮುಗಿದು ಎಷ್ಟೋ ವರ್ಷ ಆಗಿತ್ತು. ಇದು ಗೊತ್ತಾಗುವಷ್ಟರಲ್ಲಿ ನಾನು ಎರಡು ಸಲ ದುಡ್ಡು ಕಳೆದುಕೊಂಡಿದ್ದೆ ಅನ್ನೋದು ಬೇರೆ ಮಾತು. ಇನ್ನು ಮೈಸೂರು ಲ್ಯಾನ್ಸರ್ಸ್ ಬಿಲ್ಲೆ, 1918ರಲ್ಲಿ ಈಗಿನ ಇಸ್ರೇಲಿನ ಹೈಫಾ ಊರು ಗೆದ್ದವರಲ್ಲಿ ಸೇರಿದ್ದ ನಮ್ಮ ಕುದುರೆ ಸವಾರರದ್ದು, ಗಂಡಭೇರುಂಡ ಇರುವಂಥದ್ದು, ಒಂದಾದರೂ ಸಿಗಲಿ ಅಂತ ಹುಡುಕುತ್ತಲೇ ಇದ್ದೇನೆ. ಸದ್ಯಕ್ಕೆ ಆ ಹಕ್ಕಿಯನ್ನು ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ನೋಡಿಕೊಂಡು ಸಮಾಧಾನ.

ಹಳೇ ಬಿಲ್ಲೆಯನ್ನು ಉಜ್ಜಬಾರದು. ಎಪ್ಪತ್ತೆಂಬತ್ತು ವರ್ಷ ಕೂತು ಕಟ್ಟಿದ ಕಂದು ಬಣ್ಣವೇ ಅದರ ಬೆಲೆ. ಇದನ್ನು ಅಮ್ಮನಿಗೆ ಹೇಳಿರಲಿಲ್ಲ. ಆಯುಧಪೂಜೆ ಹಿಂದಿನ ದಿನ ಆಫೀಸಿನಿಂದ ಬಂದರೆ, ದೀಪ, ತಂಬಿಗೆ, ಗಂಟೆ ಜೊತೆ ಮೇಜರೂ ಬಿಸಿಲಿಗೆ ಒಣಗಲು ಕೂತಿದ್ದ. ಹುಣಸೆಹಣ್ಣು ಹಾಕಿ ಗಸಗಸ ತಿಕ್ಕಿದ್ದಾಳೆ. ಒಂದು ಚೂರು ಕಿಲುಬಿಲ್ಲ, ಹೊಸ ನಲ್ಲಿ ಥರ ಫಳಫಳ.

“ಅಮ್ಮಾ, ಇದನ್ಯಾಕೆ ತೊಳೆದೆ?”

“ಮಿಲಿಟ್ರಿದು ಅಂದ್ಯಲ್ಲೋ. ಅದೂ ಆಯುಧವೇ ಅಲ್ವಾ?”

ಮಾರನೇ ದಿನ ಇಂಗ್ಲೆಂಡಿನ ರಾಜನ ಕಿರೀಟಕ್ಕೆ ಅರಿಶಿನ ಕುಂಕುಮ ಬಿತ್ತು, ಮೇಲೊಂದು ಸೇವಂತಿಗೆ. ಪಕ್ಕದಲ್ಲಿ ನನ್ನ ಸ್ಕೂಟರ್ ಕೀ. ಕಮಾನಿನ ಸಂದಿಯಲ್ಲಿ ಆ ಕುಂಕುಮ ಇನ್ನೂ ಇದೆ. ಬ್ರಷ್ ಹಾಕಿದರೆ ಹೋಗುತ್ತದೆ, ಆದರೆ ಉಜ್ಜಬಾರದಲ್ಲ.