ಎರಡೂವರೆ ಟನ್ ತೂಕದ ಹೂವು

ಗೆಳೆಯರೊಬ್ಬರು ಐಷಾರಾಮಿ ಕಾರು ತಂದಿದ್ದಾರೆ. ಬಾಗಿಲು ಎಷ್ಟು ಭಾರ ಅಂದರೆ, ಅದನ್ನು ಎಳೆದು ಮುಚ್ಚಲು ಒಂದು ಮೋಟಾರ್ ಇದೆ. ಆ ಮೋಟಾರಿನ ತೂಕವೂ ಬಾಗಿಲಿಗೇ ಸೇರಿತು. ಸೀಟಿನೊಳಗೆ ಬೆನ್ನು ತಿಕ್ಕುವ ಯಂತ್ರ. ಆ ಸೀಟನ್ನು ಹಿಂದೆ ಮುಂದೆ ಸರಿಸಲು ಇನ್ನೊಂದಿಷ್ಟು ಮೋಟಾರ್. ಒಟ್ಟು ಎರಡೂವರೆ ಟನ್. "ಓಡಿಸೋಕೆ ಹೂವಿನ ಹಾಗಿದೆ" ಅಂದರು.

ಈ ಹೂವು ಅರಳುವ ಬಗೆ ಕೇಳಿ. ಮೊದಲು ತೂಕಕ್ಕೆ ದುಡ್ಡು. ಆಮೇಲೆ ತೂಕ ಗೊತ್ತಾಗದ ಹಾಗೆ ಮಾಡಲು ದುಡ್ಡು: ಕುಲುಕಾಟ ನುಂಗುವ ಏರ್ ಸಸ್ಪೆನ್ಷನ್, ವಾಲದಂತೆ ಹಿಡಿಯುವ ಮೋಟಾರ್, ತಾವೇ ತಿರುಗುವ ಹಿಂದಿನ ಚಕ್ರ. ಇವೇನು ಗಾಳಿಯಿಂದ ಮಾಡಿದ್ದಾ? ತೂಕ ಮತ್ತೆ ಏರುತ್ತದೆ. ಕೊನೆಗೆ ಚಾವಣಿಗೆ ಕಾರ್ಬನ್ ಫೈಬರ್ ಹಾಕಿಸಿ ನಾಲ್ಕು ಕಿಲೋ ಇಳಿಸಲು ಇನ್ನೊಂದು ಬಿಲ್.

1980ರ ದಶಕದ ಮೊದಲ ಬಿಎಂಡಬ್ಲ್ಯೂ ಎಂ5 ಎಂಬ ಸ್ಪೋರ್ಟ್ಸ್ ಕಾರು ಸುಮಾರು 1,430 ಕೆಜಿ ಇತ್ತು. 2024ರದ್ದು 2,400 ದಾಟಿದೆ. ನಲವತ್ತರ ಹತ್ತಿರ ನಮಗೂ ಒಂಚೂರು ಮೈ ಬರುತ್ತದೆ, ಸರಿ. ಆದರೆ ನಾವು ಸ್ಪೋರ್ಟ್ಸ್ ಅಂತ ಬೋರ್ಡ್ ಹಾಕಿಕೊಂಡು ತಿರುಗುವುದಿಲ್ಲ. ರೋಲ್ಸ್ ರಾಯ್ಸ್‌ನ ಎಲೆಕ್ಟ್ರಿಕ್ ಕಾರು ಸ್ಪೆಕ್ಟರ್‌ನ ಬ್ಯಾಟರಿ ಒಂದೇ ಸುಮಾರು 700 ಕೆಜಿ. ಕಂಪನಿ ನಾಚಿಕೊಳ್ಳಲಿಲ್ಲ, ಅದು ಸದ್ದನ್ನೂ ತಡೆಯುತ್ತದೆ ಎಂದಿತು. ಕಿವಿಗೆ ಹತ್ತಿ ಇಟ್ಟುಕೊಂಡಿದ್ದರೆ ಎರಡು ಗ್ರಾಂನಲ್ಲಿ ಕೆಲಸ ಮುಗಿಯುತ್ತಿತ್ತು.

ಗೆಳೆಯರ ಪಕ್ಕ ಕೂತೆ. ನೇರ ರಸ್ತೆಯಲ್ಲಿ ನಿಜಕ್ಕೂ ಸುಖ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಆಮೇಲೆ ತಿರುವು ಬಂತು. ಸ್ಟೀರಿಂಗ್ ಒಂದೇ ಬೆರಳಿಗೆ ತಿರುಗಿತು. ಕಾರು ತಿರುಗಲಿಲ್ಲ. "ಈಗಲೇ ತಿರುಗಬೇಕಾ?" ಎಂಬಂತೆ ಮೂಗು ಹೊರಗಡೆಗೇ ಜಾರಿತು. ಹೊರಬದಿಯ ಮುಂದಿನ ಟೈರ್ ಕುಂಯ್ ಅಂತು. ಕಾರು ಜಾರುತ್ತಿದೆ ಎನ್ನುವ ಹಳದಿ ದೀಪ ಮಿಣಮಿಣ ಮಿನುಗಿತು. ಕಂಪ್ಯೂಟರ್ ಒಂದೊಂದೇ ಚಕ್ರಕ್ಕೆ ಬ್ರೇಕ್ ಒತ್ತಿ ನಮ್ಮನ್ನು ರಸ್ತೆಯಲ್ಲಿ ಉಳಿಸಿತು. ಡ್ಯಾಶ್‌ಬೋರ್ಡ್ ಮೇಲಿದ್ದ ಪೆನ್ನು ಮಾತ್ರ ನೆಟ್ಟಗೆ ಹೋಗಿ ಕಿಟಕಿಗೆ ಬಡಿಯಿತು. ಪಾಪ, ಅದಕ್ಕೆ ಯಾರೂ ಸಾಫ್ಟ್‌ವೇರ್ ಹಾಕಿರಲಿಲ್ಲ.

"ನೋಡಿದ್ರಾ, ತೂಕ ಗೊತ್ತೇ ಆಗಲ್ಲ ಅಲ್ವಾ?" ಅಂದರು.

ನಮಗೆ ಗೊತ್ತಾಗಲ್ಲ, ಬ್ರೇಕಿಗೆ ಗೊತ್ತಾಗುತ್ತದೆ. ಅದೇ ವೇಗದಲ್ಲಿ ತೂಕ ದುಪ್ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿಯೂ ದುಪ್ಪಟ್ಟು. ಬಾನೆಟ್ ಮೇಲಿನ ಲಾಂಛನ ನೋಡಿ ರಿಯಾಯಿತಿ ಕೊಡುವ ಪದ್ಧತಿ ಭೌತಶಾಸ್ತ್ರದಲ್ಲಿ ಇಲ್ಲ.

ಪ್ಯಾರಿಸ್‌ನವರು 2024ರಲ್ಲಿ ಹೊರಗಿನಿಂದ ಬರುವ ಭಾರದ ಕಾರುಗಳ ಪಾರ್ಕಿಂಗ್ ಶುಲ್ಕವನ್ನು ಮೂರು ಪಟ್ಟು ಮಾಡಿದರು. ನಗರದ ಮಧ್ಯೆ ಗಂಟೆಗೆ 18 ಯೂರೊ. ಓಡುವಾಗ ಬಿಟ್ಟು ನಿಂತಾಗ ಹಿಡಿದರು! ನಿಂತ ಕಾರು ತಿರುವಿನಲ್ಲಿ ಜಾರಿದ್ದನ್ನು ನಾನಂತೂ ನೋಡಿಲ್ಲ.

ಮೊನ್ನೆ ಗೆಳೆಯರ ಫೋನ್ ಬಂತು. ದಾರಿಯಲ್ಲಿ ಪಂಕ್ಚರ್. ಡಿಕ್ಕಿ ತೆಗೆದರೆ ಸ್ಟೆಪ್ನಿ ಇಲ್ಲ. ತೂಕ ಜಾಸ್ತಿಯಾಗುತ್ತದೆ ಅಂತ ಕೊಟ್ಟಿಲ್ಲವಂತೆ.