ಟೆಸ್ಟ್‌ನೆಟ್ ಮತ್ತೆ ಶುರು ಮಾಡಬಹುದು, ಸುಟ್ಟ ಫ್ಯೂಸ್‌ಗೆ ವಾಪಸ್ ಇಲ್ಲ

ಬೆಂಗಳೂರಿನ ಟೆಕ್ ಮೀಟಪ್‌ಗಳಲ್ಲಿ ಈಗೀಗ ಒಂದು ಮಾತು ಜಾಸ್ತಿ ಕೇಳಿಸುತ್ತಿದೆ. "ಫರ್ಮ್‌ವೇರ್ ಹ್ಯಾಶ್ ತಗೊಂಡು ಬ್ಲಾಕ್‌ಚೈನ್‌ಗೆ ಹಾಕಿ, ಸೆಕ್ಯೂರ್ ಬೂಟ್ ಆಯ್ತು." ಫರ್ಮ್‌ವೇರ್ ಅಂದರೆ ಡಿವೈಸ್ ಒಳಗಿನ ಸಾಫ್ಟ್‌ವೇರ್, ಹ್ಯಾಶ್ ಅಂದರೆ ಅದರ ಬೆರಳಚ್ಚಿನಂಥ ಸಂಖ್ಯೆ, ಬ್ಲಾಕ್‌ಚೈನ್ ಅಂದರೆ ಹಲವು ಕಂಪ್ಯೂಟರ್‌ಗಳು ಹಂಚಿಕೊಂಡು ಇಡುವ ಲೆಕ್ಕದ ಪುಸ್ತಕ, ಸೆಕ್ಯೂರ್ ಬೂಟ್ ಅಂದರೆ ಅಸಲಿ ಸಾಫ್ಟ್‌ವೇರ್ ಮಾತ್ರ ಓಡುವಂತೆ ಡಿವೈಸ್ ಶುರುವಾಗುವುದು. ಮೊನ್ನೆ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಒಬ್ಬರು ಸ್ಲೈಡ್ ಹಾಕಿ ಇದನ್ನೇ ಹೇಳಿದರು, ಚಪ್ಪಾಳೆಯೂ ಬಿತ್ತು. ನನಗಂತೂ ಒಪ್ಪಿಗೆಯಿಲ್ಲ. ಹ್ಯಾಶ್ ಎಲ್ಲಿ ಬೇಕಾದರೂ ಇಡಿ, ಅದನ್ನು ತಾಳೆ ನೋಡುವ ಕೋಡ್ ಯಾವುದು? ಆ ಕೋಡನ್ನೇ ಯಾರಾದರೂ ಬದಲಿಸಿದ್ದರೆ? ಬ್ಲಾಕ್‌ಚೈನ್ ತಲುಪಲು ಬೇಕಾದ ನೆಟ್‌ವರ್ಕ್ ಡ್ರೈವರ್ ಕಣ್ಣು ಬಿಡುವ ಮುಂಚೆಯೇ ಮುಗಿಯಬೇಕಾದ ಕೆಲಸ ರೀ ಇದು!

ಪವರ್ ಕೊಟ್ಟ ತಕ್ಷಣ ಓಡುವುದು ಚಿಪ್ ಒಳಗೇ ಅಚ್ಚಾಗಿರುವ ಬೂಟ್ ರಾಮ್. ಅದು ಬೂಟ್‌ಲೋಡರ್ (ಮುಂದಿನ ಸಾಫ್ಟ್‌ವೇರ್ ಎಬ್ಬಿಸುವ ಪ್ರೋಗ್ರಾಂ) ಜೊತೆ ಬಂದ ಪಬ್ಲಿಕ್ ಕೀಯ (ಸಹಿ ಪರೀಕ್ಷಿಸುವ ಕೀ) ಹ್ಯಾಶ್ ಲೆಕ್ಕ ಹಾಕಿ, ಒಮ್ಮೆ ಸುಟ್ಟರೆ ಬದಲಿಸಲಾಗದ ಇ-ಫ್ಯೂಸ್‌ನಲ್ಲಿ ಸುಟ್ಟಿಟ್ಟ ಹ್ಯಾಶ್ ಜೊತೆ ಹೋಲಿಸುತ್ತದೆ. ಸರಿಹೋದರೆ ಸಹಿ ಪರೀಕ್ಷೆ, ಆಮೇಲೆ ಮುಂದಿನ ಹಂತ, ಅದು ಅದರ ಮುಂದಿನದನ್ನು ಪರೀಕ್ಷಿಸಿ ಕೊನೆಗೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್. ಒಂದು ಕಡೆ ತಪ್ಪಿದರೂ ಅಲ್ಲೇ ನಿಲ್ಲುತ್ತದೆ. ಯಾರನ್ನೂ ಕೇಳುವುದಿಲ್ಲ.

ಟೆಸ್ಟ್‌ನೆಟ್ ಅಂದರೆ ಬ್ಲಾಕ್‌ಚೈನ್‌ನ ಪ್ರಯೋಗದ ನೆಟ್‌ವರ್ಕ್. ಅದರ ನೋಡ್ (ಅದರಲ್ಲಿನ ಒಂದೊಂದು ಕಂಪ್ಯೂಟರ್) ಎದ್ದೇಳುವುದೂ ಮೇಲ್ನೋಟಕ್ಕೆ ಹೀಗೇ. ಚೈನಿನ ಮೊದಲ ಬ್ಲಾಕ್ ಆದ ಜೆನೆಸಿಸ್ ಬ್ಲಾಕ್, ನೋಡ್ ಓಡಿಸುವ ಕ್ಲೈಂಟ್ ಸಾಫ್ಟ್‌ವೇರ್ ಒಳಗೇ ಇರುತ್ತದೆ, ಮೊದಲು ಸಂಪರ್ಕಿಸುವ ಬೂಟ್‌ನೋಡ್‌ಗಳ ವಿಳಾಸವೂ ಅಷ್ಟೇ. ಇನ್ನೊಂದು ನೋಡ್ ಸಿಕ್ಕಿದಾಗ ಜೆನೆಸಿಸ್ ಹ್ಯಾಶ್ ಬೇರೆ ಬಂದರೆ ಸಂಪರ್ಕ ಕಟ್. ಎರಡೂ ಕಡೆ ಮೊದಲ ಹೆಜ್ಜೆಯನ್ನು ಸುಮ್ನೆ ನಂಬಲೇಬೇಕು. ಆದರೆ ಟೆಸ್ಟ್‌ನೆಟ್‌ನಲ್ಲಿ ಆ ನಂಬಿಕೆ ಇರುವುದು ಜನರ ಒಪ್ಪಂದದಲ್ಲಿ, ಸಿಲಿಕಾನ್‌ನಲ್ಲಿ ಅಲ್ಲ.

ಇಥೀರಿಯಂ ಬ್ಲಾಕ್‌ಚೈನ್‌ನ ಹೋಲೆಸ್ಕಿ ಟೆಸ್ಟ್‌ನೆಟ್ಟನ್ನೇ ನೋಡಿ. 2023ರ ಸೆಪ್ಟೆಂಬರ್ 15ಕ್ಕೆ ಮುಹೂರ್ತ ಇಟ್ಟಿದ್ದರು. ಜೆನೆಸಿಸ್ ಕಾನ್ಫಿಗರೇಶನ್‌ನಲ್ಲೇ ಎಡವಟ್ಟಾಗಿ ಚೈನ್ ಸರಿಯಾಗಿ ಏಳಲಿಲ್ಲ. ಏನು ಮಾಡಿದರು? ಫೈಲ್ ಸರಿಮಾಡಿ ಸೆಪ್ಟೆಂಬರ್ 28ಕ್ಕೆ ಇನ್ನೊಂದು ಮುಹೂರ್ತ, ಅಷ್ಟೇ. 2025ರ ಫೆಬ್ರವರಿಯಲ್ಲಿ ಪೆಕ್ಟ್ರಾ ಅಪ್‌ಗ್ರೇಡ್ ಹೊತ್ತಿಗೆ ಅದೇ ಹೋಲೆಸ್ಕಿಗೆ ಇನ್ನೂ ದೊಡ್ಡ ಪೆಟ್ಟು ಬಿತ್ತು. ಗೆತ್, ನೆದರ್‌ಮೈಂಡ್, ಬೆಸು ಎಂಬ ಮೂರು ಕ್ಲೈಂಟ್‌ಗಳಲ್ಲೂ ಡೆಪಾಸಿಟ್ ಕಾಂಟ್ರಾಕ್ಟ್ (ಠೇವಣಿ ಪಡೆಯುವ ಪ್ರೋಗ್ರಾಂ) ವಿಳಾಸ ತಪ್ಪಾಗಿತ್ತು, ಹಾಗಾಗಿ ಬ್ಲಾಕ್‌ಗಳನ್ನು ಪರೀಕ್ಷಿಸಿ ಒಪ್ಪುವ ವ್ಯಾಲಿಡೇಟರ್‌ಗಳಲ್ಲಿ ಬಹುಪಾಲು ತಪ್ಪು ಚೈನ್ ಹಿಡಿದು ಹೊರಟವು. ಅಂದರೆ ಜಾಸ್ತಿ ಜನ ಹೇಳಿದ್ದೇ ಸರಿ ಅನ್ನುವ ಲೆಕ್ಕವೂ ಅಲ್ಲಿ ಕೈಕೊಟ್ಟಿತು. ಎಂಜಿನಿಯರ್‌ಗಳು ಒಟ್ಟಿಗೆ ಕೂತು ಇದು ಸರಿ, ಅದು ತಪ್ಪು ಎಂದು ತೀರ್ಮಾನಿಸಿ ಎಳೆದು ತರಬೇಕಾಯಿತು, ಸುಮಾರು ಎರಡು ವಾರ ಫೈನಾಲಿಟಿ (ಬ್ಲಾಕ್ ಇನ್ನು ಬದಲಾಗದು ಎಂಬ ಖಾತ್ರಿ) ಇರಲಿಲ್ಲ. ಮಾರ್ಚ್‌ನಲ್ಲಿ ಹೂಡಿ ಅನ್ನುವ ಹೊಸ ಟೆಸ್ಟ್‌ನೆಟ್ ಬಂತು. (ನಮ್ಮ ವೈಟ್‌ಫೀಲ್ಡ್ ಪಕ್ಕದ ಹೂಡಿ ಅಲ್ಲ ಮಾರಾಯ್ರೇ!) ಇದನ್ನು ನಾನು ಅವಮಾನ ಎನ್ನುವುದಿಲ್ಲ. ಟೆಸ್ಟ್‌ನೆಟ್ ಇರುವುದೇ ಬೀಳುವುದಕ್ಕೆ, ಅಲ್ವಾ?

ಈಗ ಇದೇ ಧೈರ್ಯ ಡಿವೈಸ್‌ಗೆ ತನ್ನಿ. 2019ರಲ್ಲಿ ಚೆಕ್‌ಮೇಟ್ ಎನ್ನುವ ದೋಷ ಹೊರಬಂತು, ಐಫೋನ್ 4ಎಸ್‌ನಿಂದ ಹಿಡಿದು ಐಫೋನ್ ಟೆನ್‌ವರೆಗಿನ ಫೋನ್‌ಗಳ ಬೂಟ್ ರಾಮ್‌ನಲ್ಲೇ. ಮಾರಿದ ಫೋನ್‌ಗಳಿಗೆ ಪ್ಯಾಚ್ ಕೊಡುವ ದಾರಿಯೇ ಇಲ್ಲ, ಹೊಸ ಚಿಪ್‌ಗಳಲ್ಲಿ ಮಾತ್ರ ಸರಿಮಾಡಬಹುದು. ಫ್ಯೂಸ್‌ಗೆ ತಪ್ಪು ಕೀ ಹ್ಯಾಶ್ ಸುಟ್ಟರೂ ವಾಪಸ್ ಇಲ್ಲ, ಬೋರ್ಡ್ ಕೆಲಸಕ್ಕೆ ಬಾರದ ಇಟ್ಟಿಗೆ.

ಅದಕ್ಕೇ ನನ್ನ ತಕರಾರು. ಪೀಣ್ಯದಲ್ಲೋ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲೋ ಮೀಟರ್, ಲಾಕ್, ಪೇಮೆಂಟ್ ಮೆಷಿನ್ ಮಾಡುವವರು ಟೆಸ್ಟ್‌ನೆಟ್ ಡೆಮೊ ತೋರಿಸುವ ಮುಂಚೆ ಮೂರು ವಿಷಯ ಹೇಳಲಿ. ಫ್ಯೂಸ್‌ನಲ್ಲಿ ಯಾರ ಕೀ ಹ್ಯಾಶ್ ಇದೆ? ಅದಕ್ಕೆ ಜೋಡಿಯಾದ, ಸಹಿ ಹಾಕುವ ಪ್ರೈವೇಟ್ ಕೀ ಯಾರ ಕೈಯಲ್ಲಿದೆ? ಆ ಕೀ ಸೋರಿದರೆ ರದ್ದು ಮಾಡಿ ಇನ್ನೊಂದಕ್ಕೆ ಹೋಗಲು ಸ್ಲಾಟ್ ಬಿಟ್ಟಿದ್ದೀರಾ? ಉತ್ತರ ಇದ್ದರೆ ಬ್ಲಾಕ್‌ಚೈನ್ ಮಾತಾಡೋಣ, ಅಪ್‌ಡೇಟ್‌ಗಳ ಲೆಕ್ಕ ಇಡೋಕೆ ಅದು ಬೇಕಾದರೆ ಇರಲಿ.