ತೆಗೆದು ಮತ್ತೆ ಹಾಕುವ ಮುನ್ನ ಲಾಗ್ ಫೈಲ್ ತೆರೆದು ನೋಡಿ

ಕ್ಯಾಡ್, ಅಂದರೆ ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಬರೆಯುವ ಸಾಫ್ಟ್‌ವೇರ್, ಕೈಕೊಟ್ಟರೆ ಯಾರನ್ನು ಕೇಳಿದರೂ ಬರುವ ಸಲಹೆ ಒಂದೇ: "ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ." ಅದಕ್ಕೂ ಬಗ್ಗದಿದ್ದರೆ "ಸಿಸ್ಟಮ್ಮೇ ಫಾರ್ಮ್ಯಾಟ್ ಹೊಡೆದುಬಿಡಿ." ಡ್ರಾಯಿಂಗ್ ಕೆಲಸ ಮಾಡುವವರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗ. ಈ ಸಲಹೆ ಎಷ್ಟು ಜನರ ದಿನಗಟ್ಟಲೆ ಕೆಲಸವನ್ನು ನುಂಗಿದೆ ಅನ್ನುವುದನ್ನು ಹತ್ತಿರದಿಂದ ಕಂಡವನಾಗಿ ಇಂದು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಏನು ಕೆಟ್ಟಿದೆ ಎಂದು ಗೊತ್ತಿಲ್ಲದೆ ತೆಗೆದು ಹಾಕುವುದನ್ನು ರಿಪೇರಿ ಎನ್ನಲು ನನಗೆ ಮನಸ್ಸಿಲ್ಲ. ಎಷ್ಟೋ ಸಲ ಕೆಟ್ಟದ್ದು ಇದ್ದಲ್ಲೇ ಉಳಿಯುತ್ತದೆ, ನೆಟ್ಟಗಿದ್ದದ್ದು ಅಳಿಸಿಹೋಗುತ್ತದೆ.

ಕಾರಣ ಸರಳ. ನಮಗೆ ಡೆಸ್ಕ್‌ಟಾಪ್ ಮೇಲೆ ಒಂದೇ ಐಕಾನ್ ಕಾಣುತ್ತದೆ, ಆದರೆ ಒಳಗೆ ಇರುವುದು ಒಂದೇ ಪ್ರೋಗ್ರಾಂ ಅಲ್ಲ. ಪ್ರೋಗ್ರಾಂ ಓಡಲು ಆಸರೆಯಾಗುವ ಮೈಕ್ರೋಸಾಫ್ಟ್‌ನ ಭಾಗಗಳು ಬೇಕು: ವಿಷುಯಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್‌ನ ಹಲವು ಆವೃತ್ತಿಗಳು, ಡಾಟ್ ನೆಟ್. ಲೈಸೆನ್ಸ್ ಪರೀಕ್ಷಿಸಲು ಪ್ರತ್ಯೇಕ ಸರ್ವಿಸ್ ಒಂದು ಹಿಂದೆ ಓಡುತ್ತಿರುತ್ತದೆ. ತೆರೆಯ ಮೇಲೆ ಗೆರೆ ಮೂಡಿಸಲು ಗ್ರಾಫಿಕ್ಸ್ ಡ್ರೈವರ್, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಪ್ರೋಗ್ರಾಂ, ಸರಿಯಿರಬೇಕು. ನಿಮ್ಮ ಟೂಲ್‌ಬಾರ್, ಶಾರ್ಟ್‌ಕಟ್, ಪ್ಲಾಟ್ (ಹಾಳೆಗೆ ಮುದ್ರಿಸುವ) ಸೆಟ್ಟಿಂಗ್ ಎಲ್ಲವೂ ವಿಂಡೋಸ್‌ನ ಯೂಸರ್ ಫೋಲ್ಡರ್ ಒಳಗೆ, ಆಪ್‌ಡೇಟಾ ಎಂಬ ಫೋಲ್ಡರ್‌ನಲ್ಲಿ ಕೂತಿರುತ್ತವೆ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತಿದರೆ ಹೋಗುವುದು ಮುಖ್ಯ ಪ್ರೋಗ್ರಾಂ ಮಾತ್ರ. ರನ್‌ಟೈಮ್ ಉಳಿಯುತ್ತದೆ, ಡ್ರೈವರ್ ಉಳಿಯುತ್ತದೆ, ಲೈಸೆನ್ಸ್ ದಾಖಲೆಗಳು ಉಳಿಯುತ್ತವೆ, ಯೂಸರ್ ಸೆಟ್ಟಿಂಗ್‌ಗಳೂ ಸಾಮಾನ್ಯವಾಗಿ ಉಳಿಯುತ್ತವೆ. ತೊಂದರೆ ಈ ಉಳಿದವುಗಳಲ್ಲೇ ಇದ್ದರೆ, ಗಂಟೆಗಟ್ಟಲೆ ಡೌನ್‌ಲೋಡ್ ಮಾಡಿ ಮತ್ತೆ ಹಾಕಿದರೂ ಅದೇ ಎರರ್ ಎದುರಿಗೆ ಬಂದು ನಿಲ್ಲುತ್ತದೆ.

ಈಗ 1603 ಎಂಬ ಎರರ್ ವಿಷಯಕ್ಕೆ ಬರುತ್ತೇನೆ. ಕ್ಯಾಡ್ ಇನ್‌ಸ್ಟಾಲ್ ಮಾಡಿದವರಲ್ಲಿ ಈ ಸಂಖ್ಯೆ ನೋಡದವರು ಕಡಿಮೆ. ಇದು ವಿಂಡೋಸ್ ಇನ್‌ಸ್ಟಾಲರ್ ಕೊಡುವ ಕೋಡ್. ಇನ್‌ಸ್ಟಾಲ್ ಮಾಡುವಾಗ ದೊಡ್ಡ ತಪ್ಪೊಂದು ಆಯಿತು, ಮುಂದುವರಿಯಲು ಆಗಲಿಲ್ಲ ಅಂತ ಅಷ್ಟೇ ಅದರ ಅರ್ಥ. ಯಾವ ತಪ್ಪು ಎಂದು ಅದು ಹೇಳುವುದಿಲ್ಲ. ಜ್ವರ ಇದೆ ಅಂದರೆ ಯಾವ ಕಾಯಿಲೆ ಅಂತ ಗೊತ್ತಾಗುವುದಿಲ್ಲವಲ್ಲ, ಹಾಗೆ. ಫೋಲ್ಡರ್‌ಗೆ ಬರೆಯುವ ಅನುಮತಿ ಇಲ್ಲದಿದ್ದರೂ 1603, ರನ್‌ಟೈಮ್ ಕೆಟ್ಟಿದ್ದರೂ 1603. ಹಾಗಾಗಿ "1603 ಬಂದರೆ ಹೀಗೆ ಮಾಡಿ" ಎನ್ನುವ ವೀಡಿಯೊಗಳನ್ನು ನಾನು ನಂಬುವುದಿಲ್ಲ. ಆ ವೀಡಿಯೊ ಮಾಡಿದವರ ಕಂಪ್ಯೂಟರ್‌ನಲ್ಲಿ ಇದ್ದ ಕಾರಣ ಬೇರೆ, ನಿಮ್ಮಲ್ಲಿರುವುದು ಬೇರೆ. ಇದೇ ಕುಟುಂಬದ ಬೇರೆ ಸಂಖ್ಯೆಗಳು ಇಷ್ಟು ಮುಚ್ಚುಮರೆ ಮಾಡುವುದಿಲ್ಲ. 1618 ಅಂದರೆ ಇನ್ನೊಂದು ಇನ್‌ಸ್ಟಾಲ್ ಆಗಲೇ ನಡೆಯುತ್ತಿದೆ, ಅದು ಮುಗಿಯುವ ತನಕ ಕಾಯಿರಿ. 3010 ಅಂದರೆ ಕೆಲಸ ಮುಗಿದಿದೆ, ರೀಸ್ಟಾರ್ಟ್ ಬಾಕಿ. 1612 ಅಂದರೆ ಮೂಲ ಇನ್‌ಸ್ಟಾಲ್ ಫೈಲ್ ಸಿಗುತ್ತಿಲ್ಲ.

ನಿಜವಾದ ಕಾರಣ ಇರುವುದು, ಇನ್‌ಸ್ಟಾಲರ್ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ಲಾಗ್ ಫೈಲ್‌ನಲ್ಲಿ. ಸಾಮಾನ್ಯವಾಗಿ ಅದು ಟೆಂಪ್ ಫೋಲ್ಡರ್‌ನಲ್ಲಿರುತ್ತದೆ. ಆಟೊಕ್ಯಾಡ್ ತಯಾರಿಸುವ ಆಟೊಡೆಸ್ಕ್‌ನ ಹೊಸ ಇನ್‌ಸ್ಟಾಲರ್ ಆದರೆ ಲೋಕಲ್ ಆಪ್‌ಡೇಟಾದೊಳಗೆ ಆಟೊಡೆಸ್ಕ್ ಫೋಲ್ಡರ್, ಅದರೊಳಗೆ ಓಡಿಸ್ (ODIS) ಎಂಬ ಫೋಲ್ಡರ್‌ನಲ್ಲೂ ಹುಡುಕಿ. ತೆರೆದರೆ ಸಾವಿರಾರು ಸಾಲು ಕಾಣುತ್ತವೆ, ಹೆದರಬೇಡಿ. ಎಲ್ಲ ಓದಬೇಕಿಲ್ಲ. ವಿಂಡೋಸ್ ಇನ್‌ಸ್ಟಾಲರ್ ಬರೆದ ವಿವರವಾದ ಲಾಗ್ ಆದರೆ ನೋಟ್‌ಪ್ಯಾಡ್‌ನಲ್ಲಿ "ರಿಟರ್ನ್ ವ್ಯಾಲ್ಯೂ 3" (Return value 3) ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕಿ. ಮೊದಲ ಸಲ ಸಿಗುವ ಜಾಗದಲ್ಲಿ ನಿಂತು ಸ್ವಲ್ಪ ಮೇಲಕ್ಕೆ ಓದುತ್ತ ಹೋಗಿ. ಇನ್‌ಸ್ಟಾಲ್ ಎಲ್ಲಿ ಮುಗ್ಗರಿಸಿತು ಅನ್ನುವುದು ಬಹುಪಾಲು ಆ ಆಸುಪಾಸಿನಲ್ಲೇ ಬರೆದಿರುತ್ತದೆ. ಕೊನೆಯಲ್ಲಿ ಕಾಣುವ ತಪ್ಪುಗಳು ಮೊದಲ ತಪ್ಪಿನ ಪರಿಣಾಮಗಳು, ಅವುಗಳ ಬೆನ್ನು ಹತ್ತಬೇಡಿ.

ಒಂದು ಉದಾಹರಣೆ ಹೇಳುತ್ತೇನೆ. ಡ್ರಾಯಿಂಗ್ ಒಪ್ಪಿಸುವ ಗಡುವು ಹತ್ತಿರವಿದ್ದ ಸಹೋದ್ಯೋಗಿಯೊಬ್ಬರ ಕಂಪ್ಯೂಟರ್‌ನಲ್ಲಿ ಹೊಸ ಆವೃತ್ತಿ ಅರ್ಧಕ್ಕೆ ನಿಲ್ಲುತ್ತಿತ್ತು. "ಸರ್, ಹಳೇದನ್ನೂ ತೆಗೆದುಬಿಡ್ಲಾ? ಪೂರ್ತಿ ಕ್ಲೀನ್ ಮಾಡಿ ಹಾಕಿದ್ರೆ ಸರಿ ಹೋಗುತ್ತೇನೋ" ಎಂದರು. ಹಳೆಯ ಆವೃತ್ತಿ ಚೆನ್ನಾಗಿಯೇ ಓಡುತ್ತಿತ್ತು, ಅವರ ಅಷ್ಟೂ ಕೆಲಸ ಅದರ ಮೇಲೇ ನಡೆಯುತ್ತಿತ್ತು. "ಅದನ್ನ ಮುಟ್ಟಬೇಡಿ, ಮೊದಲು ಲಾಗ್ ನೋಡೋಣ" ಎಂದು ಕೂತೆವು. ನೋಡಿದರೆ ಕ್ಯಾಡ್‌ನ ಸ್ವಂತ ಫೈಲ್‌ಗಳು ಇಳಿಯಲು ಶುರುವಾಗುವ ಮೊದಲೇ ಇನ್‌ಸ್ಟಾಲ್ ನಿಂತಿತ್ತು. ವಿಷುಯಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್‌ನ ಹೊಸ ಆವೃತ್ತಿ ಹಾಕಲು ಹೋಗಿ, ಹಳೆಯದನ್ನು ತೆಗೆಯಲು ಆಗುತ್ತಿಲ್ಲ ಎಂದು 1714 ಎರರ್ ಅಲ್ಲಿತ್ತು. ಅದರ ಜೊತೆಗೇ 1612 ಕೂಡ. ಅಂದರೆ ಹಳೆಯ ರನ್‌ಟೈಮ್ ತೆಗೆಯಲು ಬೇಕಾದ ಮೂಲ ಫೈಲ್ ಕಾಣೆಯಾಗಿತ್ತು. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಇನ್‌ಸ್ಟಾಲ್ ಮತ್ತು ಅನ್‌ಇನ್‌ಸ್ಟಾಲ್ ಟ್ರಬಲ್‌ಶೂಟರ್ ಓಡಿಸಿ, ಆ ರನ್‌ಟೈಮ್‌ನ ಮುರಿದ ದಾಖಲೆ ಒಂದನ್ನೇ ತೆಗೆಸಿ, ಮೈಕ್ರೋಸಾಫ್ಟ್ ಸೈಟ್‌ನಿಂದ ಹೊಸ ರನ್‌ಟೈಮ್ ಹಾಕಿದೆವು. ಆಮೇಲೆ ಕ್ಯಾಡ್ ಯಾವ ತಕರಾರೂ ಇಲ್ಲದೆ ಇನ್‌ಸ್ಟಾಲ್ ಆಯಿತು. ಹಳೆಯ ಆವೃತ್ತಿಯನ್ನು ತೆಗೆದಿದ್ದರೆ ಅವರ ಕೈಯಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ಸ್ಥಿತಿ ಆಗುತ್ತಿತ್ತು.

ಆ ಮೂಲ ಫೈಲ್ ಕಾಣೆಯಾದದ್ದು ಹೇಗೆ? ಸಿ ಡ್ರೈವ್‌ನಲ್ಲಿ ಜಾಗ ಮಾಡಿಕೊಳ್ಳಲೆಂದು ಯಾರೋ ವಿಂಡೋಸ್ ಫೋಲ್ಡರ್ ಒಳಗಿನ ಇನ್‌ಸ್ಟಾಲರ್ ಎಂಬ ಅಡಗಿದ ಫೋಲ್ಡರನ್ನು ಖಾಲಿ ಮಾಡಿದ್ದರು. ನೋಡಲು ಅದು ಹಲವಾರು ಜಿಬಿ ಕಸದಂತೆ ಕಾಣುತ್ತದೆ. ನಿಜವಾಗಿ ಅದು ವಿಂಡೋಸ್ ಇನ್‌ಸ್ಟಾಲರ್ ಮೂಲಕ ಬಂದ ಪ್ರತಿ ಪ್ರೋಗ್ರಾಂನ ರಿಪೇರಿಗೆ, ಅಪ್‌ಡೇಟ್‌ಗೆ, ತೆಗೆಯುವುದಕ್ಕೆ ಬೇಕಾದ ಫೈಲ್‌ಗಳ ಸಂಗ್ರಹ. ಅಳಿಸಿದ ದಿನ ಏನೂ ಆಗುವುದಿಲ್ಲ, ಎಲ್ಲವೂ ಓಡುತ್ತಲೇ ಇರುತ್ತದೆ. ತಿಂಗಳುಗಳು ಕಳೆದ ಮೇಲೆ ಅಪ್‌ಡೇಟ್ ಹಾಕಲು ಹೋದಾಗ ಏಟು ಬೀಳುತ್ತದೆ, ಆಗ ಇದರ ನೆನಪು ಯಾರಿಗೂ ಇರುವುದಿಲ್ಲ. ಕ್ಯಾಡ್ ಇರುವ ಕಂಪ್ಯೂಟರ್‌ನಲ್ಲಿ ರಿಜಿಸ್ಟ್ರಿ (ವಿಂಡೋಸ್ ಸೆಟ್ಟಿಂಗ್‌ಗಳನ್ನು ಇಡುವ ದಾಖಲೆ) ಕ್ಲೀನರ್, ಒಂದೇ ಕ್ಲಿಕ್‌ನಲ್ಲಿ ವೇಗ ಹೆಚ್ಚಿಸುವ ಟೂಲ್ ಇಂಥವನ್ನು ಇಟ್ಟುಕೊಳ್ಳಲೇಬಾರದು ಎನ್ನುವುದು ನನ್ನ ಗಟ್ಟಿ ನಿಲುವು. ಜಾಗ ಬೇಕಿದ್ದರೆ ವಿಂಡೋಸ್‌ನದೇ ಡಿಸ್ಕ್ ಕ್ಲೀನಪ್ ಇದೆ.

ಇನ್ನೊಂದು ಸಣ್ಣ ವಿಷಯ. "ರೀಸ್ಟಾರ್ಟ್ ಮಾಡಿದ್ರಾ?" ಎಂದರೆ "ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದ್ದೇನೆ" ಎನ್ನುತ್ತಾರೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಈ ಎರಡೂ ಒಂದಲ್ಲ. ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ತಿರುಳು ಭಾಗ ಡಿಸ್ಕ್‌ನಲ್ಲಿ ಉಳಿದು, ಆನ್ ಮಾಡಿದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಬಾಕಿ ಇರುವ ಬದಲಾವಣೆಗಳು ಮುಗಿಯಬೇಕಾದರೆ ಸ್ಟಾರ್ಟ್ ಮೆನುವಿನ ರೀಸ್ಟಾರ್ಟ್ ಅನ್ನೇ ಒತ್ತಬೇಕು.

ಇನ್‌ಸ್ಟಾಲ್ ಸರಿಯಾಗಿ ಆಗಿದೆ, ಆದರೆ ತೆರೆದ ತಕ್ಷಣ ಮುಚ್ಚಿಕೊಳ್ಳುತ್ತದೆ ಎನ್ನುವುದು ಬೇರೆಯದೇ ಜಾತಿಯ ತೊಂದರೆ. ಇಲ್ಲೂ ಜನ ಸೀದಾ ಅನ್‌ಇನ್‌ಸ್ಟಾಲ್‌ಗೆ ಕೈ ಹಾಕುತ್ತಾರೆ. ನಾನು ಮೊದಲು ಮಾಡುವುದು ಇಷ್ಟೇ: ಅದೇ ಕಂಪ್ಯೂಟರ್‌ನಲ್ಲಿ ಹೊಸ ವಿಂಡೋಸ್ ಯೂಸರ್ ಒಂದನ್ನು ಸೃಷ್ಟಿಸಿ, ಅದರಲ್ಲಿ ಲಾಗಿನ್ ಆಗಿ ಕ್ಯಾಡ್ ತೆರೆದು ನೋಡುವುದು. ಅಲ್ಲಿ ಚೆನ್ನಾಗಿ ತೆರೆದರೆ ಪ್ರೋಗ್ರಾಂ ಬಹುತೇಕ ಸರಿಯಿದೆ, ಕೆಟ್ಟಿರುವುದು ಹಳೆಯ ಯೂಸರ್‌ನ ಸೆಟ್ಟಿಂಗ್ ಎಂದು ತಿಳಿಯಬಹುದು. ಆಟೊಕ್ಯಾಡ್ ಆದರೆ ಸ್ಟಾರ್ಟ್ ಮೆನುವಿನಲ್ಲಿ ಅದರ ಜೊತೆಗೇ ಸೆಟ್ಟಿಂಗ್‌ಗಳನ್ನು ಮೊದಲಿನ ಸ್ಥಿತಿಗೆ ತರುವ ರೀಸೆಟ್ ಆಯ್ಕೆ ಇದೆ. ಬ್ಯಾಕಪ್ ತೆಗೆದುಕೊಂಡು ರೀಸೆಟ್ ಮಾಡಲಾ ಎಂದು ಅದೇ ಕೇಳುತ್ತದೆ, ಹೂಂ ಅನ್ನಿ. ಹೊಸ ಯೂಸರ್‌ನಲ್ಲೂ ಮುಚ್ಚಿಕೊಂಡರೆ ಆಗ ಗ್ರಾಫಿಕ್ಸ್ ಕಡೆ ತಿರುಗಬೇಕು. ಆಟೊಕ್ಯಾಡ್ ಶಾರ್ಟ್‌ಕಟ್‌ನ ಟಾರ್ಗೆಟ್ ಕೊನೆಯಲ್ಲಿ "ನೋಹಾರ್ಡ್‌ವೇರ್" (/nohardware) ಎಂಬ ಸ್ವಿಚ್ ಸೇರಿಸಿದರೆ ಹಾರ್ಡ್‌ವೇರ್ ಆಕ್ಸಲರೇಷನ್, ಅಂದರೆ ಗ್ರಾಫಿಕ್ಸ್ ಕಾರ್ಡಿನ ನೆರವು, ಇಲ್ಲದೆ ತೆರೆಯುತ್ತದೆ. ಹಾಗೆ ತೆರೆದರೆ ಡ್ರೈವರ್ ಮೇಲೆ ಅನುಮಾನ ಪಡಿ. ಸಾಲಿಡ್‌ವರ್ಕ್ಸ್‌ನಂಥ 3ಡಿ ಕ್ಯಾಡ್‌ಗಳಿಗೆ ಕಾರ್ಡ್ ತಯಾರಕರ ತೀರಾ ಹೊಸ ಡ್ರೈವರ್‌ಗಿಂತ, ಕ್ಯಾಡ್ ಕಂಪನಿಯೇ ಪರೀಕ್ಷಿಸಿ ಪಟ್ಟಿ ಮಾಡಿರುವ ಡ್ರೈವರ್ ಹಾಕುವುದು ಒಳ್ಳೆಯದು.

ರಿಪೇರಿ ಬಟನ್ ಬಗ್ಗೆಯೂ ಒಂದು ಮಾತು. ಪ್ರೋಗ್ರಾಂ ಫೈಲ್ ಕಾಣೆಯಾಗಿದ್ದರೆ, ಅದರ ರಿಜಿಸ್ಟ್ರಿ ನಮೂದು ಕೆಟ್ಟಿದ್ದರೆ ರಿಪೇರಿ ಅದನ್ನು ಮತ್ತೆ ಜಾಗಕ್ಕೆ ತರುತ್ತದೆ. ಡ್ರೈವರನ್ನು ಅದು ಮುಟ್ಟುವುದಿಲ್ಲ, ನಿಮ್ಮ ಸೆಟ್ಟಿಂಗ್‌ಗಳನ್ನೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೊಸ ಯೂಸರ್‌ನಲ್ಲೂ ಮುಚ್ಚಿಕೊಳ್ಳುತ್ತಿದೆ, ಗ್ರಾಫಿಕ್ಸ್ ಕೂಡ ಸರಿಯಿದೆ ಎಂದಾದ ಮೇಲೆ ರಿಪೇರಿ ಮಾಡಿದರೆ ಫಲ ಸಿಗುತ್ತದೆ.

ಲೈಸೆನ್ಸ್ ತೊಂದರೆಗಳಲ್ಲಿ ಅವಸರ ಇನ್ನೂ ದುಬಾರಿ. ಆಟೊಡೆಸ್ಕ್‌ನ ಹಳೆಯ ಆವೃತ್ತಿಗಳು ಲೈಸೆನ್ಸ್ ಮಾಹಿತಿಯನ್ನು ಪ್ರೋಗ್ರಾಂಡೇಟಾದ ಫ್ಲೆಕ್ಸ್‌ನೆಟ್ ಫೋಲ್ಡರ್‌ನಲ್ಲಿ ಇಡುತ್ತಿದ್ದವು. 2020ರ ಆವೃತ್ತಿಯಿಂದ ಈಚೆಗೆ ಪ್ರತ್ಯೇಕ ಲೈಸೆನ್ಸಿಂಗ್ ಸರ್ವಿಸ್ ಬಂದಿದೆ. ಆ ಫ್ಲೆಕ್ಸ್‌ನೆಟ್ ಫೋಲ್ಡರನ್ನು ಇಡಿಯಾಗಿ ಅಳಿಸಿ ಎಂದು ಹೇಳುವವರಿದ್ದಾರೆ. ಬೇರೆ ಕಂಪನಿಗಳ ಸಾಫ್ಟ್‌ವೇರ್‌ಗಳೂ ಅದೇ ಫೋಲ್ಡರ್ ಬಳಸುತ್ತವೆ, ಹಾಗಾಗಿ ಒಂದನ್ನು ಸರಿಪಡಿಸಲು ಹೋಗಿ ಇನ್ನೆರಡರ ಆಕ್ಟಿವೇಷನ್ ಕಳೆದುಕೊಳ್ಳಬಹುದು. ಯಾವ ಕಂಪನಿಯ ಫೈಲ್ ಎಂದು ಹೆಸರಿನ ಆರಂಭದಲ್ಲೇ ಗೊತ್ತಾಗುತ್ತದೆ. ಬೇಕಾದ ಫೈಲ್‌ನ ಹೆಸರು ಬದಲಿಸಿ ಇಟ್ಟು ನೋಡಿ, ಅಳಿಸಬೇಡಿ. ಇನ್ನು ಸಾಲಿಡ್‌ವರ್ಕ್ಸ್ ಬಳಸುವವರು, ಲೈಸೆನ್ಸ್ ಕಂಪ್ಯೂಟರ್‌ಗೇ ಅಂಟಿಕೊಂಡಿರುವ ಬಗೆಯದಾದರೆ, ಫಾರ್ಮ್ಯಾಟ್‌ಗೆ ಮೊದಲು ಡೀಆಕ್ಟಿವೇಟ್ ಮಾಡಲೇಬೇಕು. ಇಲ್ಲದಿದ್ದರೆ ಲೈಸೆನ್ಸ್ ಸತ್ತ ಕಂಪ್ಯೂಟರ್ ಹೆಸರಿನಲ್ಲೇ ಉಳಿದುಹೋಗುತ್ತದೆ. ಮಾರಿದವರಿಗೆ ಫೋನ್ ಮಾಡಿ ಬಿಡಿಸಿಕೊಳ್ಳುವ ತನಕ ಕೆಲಸ ನಿಲ್ಲುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಪೂರ್ತಿ ತೆಗೆಯಲೇಬೇಕಾದ ಸಂದರ್ಭ ಬರುತ್ತದೆ, ಇಲ್ಲ ಎನ್ನುವುದಿಲ್ಲ. ಆಗ ನನಗೆ ಭಯವಿರುವುದು ಅಂತರ್ಜಾಲದಲ್ಲಿ ಓಡಾಡುವ "ಕ್ಲೀನ್ ಅನ್‌ಇನ್‌ಸ್ಟಾಲ್" ವಿಧಾನದ ಬಗ್ಗೆ. ಉಳಿದ ಫೋಲ್ಡರ್‌ಗಳನ್ನೆಲ್ಲ ಅಳಿಸಿ ಎಂದು ಅದು ಹೇಳುತ್ತದೆ. ಆ ಉಳಿದ ಫೋಲ್ಡರ್‌ಗಳಲ್ಲಿ ಏನಿರುತ್ತದೆ ಗೊತ್ತೇ? ಪ್ಲಾಟ್ ಮಾಡುವಾಗ ಯಾವ ಬಣ್ಣಕ್ಕೆ ಎಷ್ಟು ದಪ್ಪದ ಗೆರೆ ಎಂದು ವರ್ಷಗಳಿಂದ ತಿದ್ದಿಕೊಂಡು ಬಂದ ಸಿಟಿಬಿ ಫೈಲ್, ಕಮಾಂಡ್‌ಗಳ ಚುಟುಕು ಹೆಸರುಗಳಿರುವ ಪಿಜಿಪಿ ಫೈಲ್, ಮೆನುವಿನ ಸಿಯುಐಎಕ್ಸ್, ಟೆಂಪ್ಲೇಟ್‌ಗಳು. ಹೆಚ್ಚುವರಿ ಎಸ್‌ಎಚ್‌ಎಕ್ಸ್ ಫಾಂಟ್‌ಗಳು ಪ್ರೋಗ್ರಾಂ ಫೋಲ್ಡರ್‌ನಲ್ಲೇ ಇದ್ದರೂ ಇದ್ದಾವು. ಡ್ರಾಫ್ಟ್ಸ್‌ಮನ್ ಒಬ್ಬರ ಕೈಯ ವೇಗ, ಅವರ ಹಾಳೆಯ ಅಂದ ಇರುವುದು ಈ ಕೆಲವೇ ಕೆಬಿ ಫೈಲ್‌ಗಳಲ್ಲಿ. ಸಾಫ್ಟ್‌ವೇರ್ ಮತ್ತೆ ಡೌನ್‌ಲೋಡ್ ಆಗುತ್ತದೆ, ಇವು ಎಲ್ಲಿಂದಲೂ ಬರುವುದಿಲ್ಲ. ಇವನ್ನು ಬೇರೆ ಡ್ರೈವ್‌ಗೆ ನಕಲು ಮಾಡಿ, ನಕಲು ತೆರೆದು ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಹೆಜ್ಜೆ.

ತೆಗೆಯುವಾಗ ಮೊದಲು ಆಡ್-ಆನ್‌ಗಳು, ಆಮೇಲೆ ಮುಖ್ಯ ಪ್ರೋಗ್ರಾಂ. ಹಲವು ಪ್ರೋಗ್ರಾಂಗಳು ಒಟ್ಟಿಗೆ ಬಳಸುವ ಭಾಗಗಳನ್ನು ಅದೇ ಕಂಪನಿಯ ಬೇರೆ ಯಾವ ಸಾಫ್ಟ್‌ವೇರೂ ಇಲ್ಲದಿದ್ದರೆ ಮಾತ್ರ ತೆಗೆಯಿರಿ, ಅದೂ ಕೊನೆಯಲ್ಲಿ. ಲೈಸೆನ್ಸಿಂಗ್ ಸರ್ವಿಸನ್ನು ಮೊದಲೇ ಕಿತ್ತುಹಾಕಿ ಆಮೇಲೆ ಮುಖ್ಯ ಪ್ರೋಗ್ರಾಂ ತೆಗೆಯಲು ಪರದಾಡುವವರನ್ನು ನೋಡಿದ್ದೇನೆ. ರಿಜಿಸ್ಟ್ರಿಗೆ ಕೈ ಹಾಕಲೇಬೇಕಿದ್ದರೆ ಆ ಕೀಯನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ಕ್ರ್ಯಾಕ್ ಹಾಕಿದ, ಅಂದರೆ ಲೈಸೆನ್ಸ್ ಬೀಗ ಮುರಿದ ಪ್ರತಿಯನ್ನು ರಿಪೇರಿ ಮಾಡಿಕೊಡಿ ಎಂದು ಕೇಳಿದರೆ ನಾನು ಒಪ್ಪುವುದಿಲ್ಲ. ಆಂಟಿವೈರಸ್ ಆಫ್ ಮಾಡಿ ಹಾಕಿದ ವಸ್ತುವಿನೊಳಗೆ ಏನಿದೆ ಎಂದು ಯಾವ ಲಾಗ್ ಕೂಡ ಹೇಳುವುದಿಲ್ಲ. ಡ್ರಾಯಿಂಗ್ ಕದಿಯುವ ಪ್ರೋಗ್ರಾಂಗಳು ಬರೀ ಊಹೆಯಲ್ಲ. 2012ರಲ್ಲಿ ಪತ್ತೆಯಾದ, ಆಟೊಕ್ಯಾಡ್‌ನ ಆಟೊಲಿಸ್ಪ್ ಭಾಷೆಯಲ್ಲಿ ಬರೆದ ಮೆಡ್ರೆ ಎಂಬ ವರ್ಮ್ (ತಾನೇ ಹರಡುವ ಕೆಟ್ಟ ಪ್ರೋಗ್ರಾಂ), ತೆರೆದ ಡ್ರಾಯಿಂಗ್‌ಗಳನ್ನು ಸದ್ದಿಲ್ಲದೆ ಚೀನಾದ ಇಮೇಲ್ ಖಾತೆಗಳಿಗೆ ಕಳಿಸುತ್ತಿತ್ತು. ದುಡ್ಡಿನ ತೊಂದರೆ ಇರುವವರಿಗೆ ಇಂದು ಉಚಿತವಾದ ದಾರಿಗಳಿವೆ. 2ಡಿಗೆ ಲಿಬ್ರೆಕ್ಯಾಡ್ ಇದೆ, 3ಡಿಗೆ ಫ್ರೀಕ್ಯಾಡ್ ಇದೆ. ಫ್ರೀಕ್ಯಾಡ್ 2024ರ ನವೆಂಬರ್‌ನಲ್ಲಿ 1.0 ಆವೃತ್ತಿಗೆ ಮುಟ್ಟಿತು.

ಸಾಫ್ಟ್‌ವೇರ್ ಮಾಡುವ ಕಂಪನಿಗಳ ಮೇಲೂ ನನಗೆ ಸಿಟ್ಟಿದೆ. ಇನ್‌ಸ್ಟಾಲರ್‌ಗೆ ಕಾರಣ ಗೊತ್ತಿರುತ್ತದೆ, ಅದನ್ನು ಲಾಗ್‌ನಲ್ಲಿ ತಾನೇ ಬರೆದಿರುತ್ತದೆ. ತೆರೆಯ ಮೇಲೆ ಮಾತ್ರ "ಇನ್‌ಸ್ಟಾಲ್ ಪೂರ್ಣವಾಗಲಿಲ್ಲ" ಎಂದು ತೋರಿಸಿ ಕೈತೊಳೆದುಕೊಳ್ಳುತ್ತದೆ. ಯಾವ ಭಾಗ ವಿಫಲವಾಯಿತು, ಲಾಗ್ ಎಲ್ಲಿದೆ ಎಂಬ ಎರಡು ಸಾಲು ಅಲ್ಲೇ ತೋರಿಸಲು ಏನು ಕಷ್ಟ? ಪ್ರತಿ ವರ್ಷ ಚಂದಾ ಕಟ್ಟಿಸಿಕೊಳ್ಳುವವರು, ಹಾಕಿದ್ದನ್ನು ಬೇರುಸಮೇತ ತೆಗೆದು, ಬಳಕೆದಾರರ ಫೈಲ್‌ಗಳನ್ನು ಮಾತ್ರ ಬೇರೆಯಾಗಿ ಎತ್ತಿಟ್ಟು ಕೊಡುವ ಅನ್‌ಇನ್‌ಸ್ಟಾಲರ್ ಕೊಡಬೇಕು. ಇದನ್ನು ಸಪೋರ್ಟ್ ಟಿಕೆಟ್‌ಗಳಲ್ಲಿ ಬರೆಯುತ್ತಲೇ ಇದ್ದೇನೆ, ನೀವೂ ಬರೆಯಿರಿ.

ಅಲ್ಲಿಯವರೆಗೆ, ನನ್ನನ್ನಾಗಲಿ ಬೇರೆ ಯಾರನ್ನಾಗಲಿ ಸಹಾಯ ಕೇಳುವಾಗ ಎರರ್ ಬಾಕ್ಸ್‌ನ ಫೋಟೋ ಒಂದನ್ನೇ ಕಳಿಸಬೇಡಿ. ಸಾಫ್ಟ್‌ವೇರ್ ಯಾವ ವರ್ಷದ್ದು, ವಿಂಡೋಸ್ ಯಾವುದು, ಕೊನೆಯ ಸಲ ಸರಿಯಾಗಿ ಓಡಿದ್ದು ಯಾವಾಗ, ಆಮೇಲೆ ಏನೇನು ಬದಲಾಯಿತು ಎಂದು ಬರೆಯಿರಿ. ಲಾಗ್ ಫೈಲ್ ಜೊತೆಗಿರಲಿ. ಲಾಗ್ ನೋಡುವ ತನಕ ಯಾರಾದರೂ ಅನ್‌ಇನ್‌ಸ್ಟಾಲ್ ಒತ್ತಿ ಎಂದರೆ ಒತ್ತಬೇಡಿ.